ಭೀಮಕ್ಕನ ಸಾಕ್ಷಿ

ಅಪ್ಪನ ಕಿವಿಯೊಳಗೆ ಹೇಲಿತ್ತು.

ಮೈಯೆಲ್ಲ ತೊಳೆದಿದ್ದರು. ಪೈಪು ಹಿಡಿದು ತೊಳೆದಿದ್ದರು. ಬೇರೆ ಅಂಗಿ ತೊಡಿಸಿದ್ದರು. ಅಂಗಿಯ ಜೇಬಿನಲ್ಲಿ ಅರ್ಧ ಖಾಲಿಯಾದ ವಿಸ್ಕಿ ಪ್ಯಾಕೆಟ್ಟು ಇಟ್ಟಿದ್ದರು. ಭದ್ರಾ ನಾಲೆಯ ಏರಿಯ ಮೇಲೆ ಮಲಗಿಸಿ, ದುರುಗಣ್ಣ ಕುಡಿದು ನೀರಿಗೆ ಬಿದ್ದ ಎಂದು ಕೇರಿಗೆ ಹೇಳಿ ಕಳಿಸಿದರು. ಕಿವಿ ತೊಳೆಯುವುದನ್ನು ಮರೆತಿದ್ದರು.

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಅಪ್ಪನ ಕಿವಿಯೊಳಗೆ ತಿರುವಿ ತೆಗೆದಳು. ಮೂಗಿನ ಹತ್ತಿರ ಹಿಡಿದಳು. ಅಲ್ಲಿಯವರೆಗೆ ಅಳುತ್ತಿದ್ದವಳು ಅಳು ನಿಲ್ಲಿಸಿದಳು.

"ನಾಲೆ ನೀರು ಹಿಂಗೆ ನಾರಲ್ಲ," ಅಂದಳು.

ಅವ್ವನ ಹೆಸರು ಭೀಮಕ್ಕ. ನಾನು ಅವಳ ಒಬ್ಬಳೇ ಮಗಳು, ಆಶಾ. ಚನ್ನಗಿರಿ ತಾಲ್ಲೂಕು, ನಲ್ಲೂರಿನ ಹತ್ತಿರದ ಒಂದು ಹಳ್ಳಿ ನಮ್ಮದು. ಹಳ್ಳಿಯ ಹೆಸರು ಬರೆಯುವುದಿಲ್ಲ. ಮಾದಿಗರ ಕೇರಿ ಯಾವ ಹಳ್ಳಿಯಲ್ಲಿಲ್ಲ?

ಅವತ್ತು ಬೆಳಿಗ್ಗೆ ಕಲ್ಲೇಶಪ್ಪ ತಾನೇ ಬೈಕಿನಲ್ಲಿ ಬಂದಿದ್ದ. ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಇನ್ನೂರು ಜನ ಬರುವವರಿದ್ದರು. ಕಕ್ಕಸಿನ ಗುಂಡಿ ತುಂಬಿ ಉಕ್ಕುತ್ತಿತ್ತು. ಮಲ ಹೀರುವ ಗಾಡಿ ಅವನ ಓಣಿಯೊಳಗೆ ತಿರುಗುವುದಿಲ್ಲ. ಕೇರಿಯ ಬಾಯಿಯಲ್ಲೇ ನಿಂತು, ಬೈಕಿನಿಂದ ಇಳಿಯದೆ, "ಲೇ ದುರುಗಾ, ಬಾರಲೇ" ಎಂದು ಕೂಗಿದ. ಅಪ್ಪ ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದ. "ಗಾಡಿ ತರಿಸ್ರಿ ಗೌಡ್ರೇ, ಒಳಗೆ ಇಳಿಯಂಗಿಲ್ಲ, ಕಾನೂನು ಐತೆ" ಎಂದ. "ಕಾನೂನು ನಿಮ್ಮಪ್ಪ ಬರೆದಾನೇನಲೇ? ಹತ್ತು ಬಾಂಡ್ಲಿ ಎತ್ತಿ ಬಾ" ಎಂದ ಕಲ್ಲೇಶಪ್ಪ. ಅವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಕಾಲೇಜಿಗೆ ಹೊರಟು ನಿಂತಿದ್ದೆ. ಇಬ್ಬರೂ ನೋಡಿದೆವು. ಇಬ್ಬರೂ ಕೇಳಿಸಿಕೊಂಡೆವು.

ಮಧ್ಯಾಹ್ನ ಹೆಣ ನಾಲೆಯ ಮೇಲಿತ್ತು.

ಸಂಜೆಯೊಳಗೆ ಮಣ್ಣು ಮಾಡಿ ಮುಗಿಸಿ ಎಂದು ಊರಿನ ಹಿರಿಯರು ಬಂದರು. ಕಲ್ಲೇಶಪ್ಪನ ಟೆಂಪೋ ಬಂತು. ಅವ್ವ ಟೆಂಪೋದ ಚಕ್ರದ ಮುಂದೆ ಮಲಗಿದಳು. "ಡಾಕ್ಟ್ರು ಕೊಯ್ದು ನೋಡ್ಲಿ. ಆಮ್ಯಾಲೆ ಎತ್ರಿ" ಎಂದಳು. ಎಳೆದರು. ಬೈದರು. ಒಬ್ಬ ಒದ್ದ. ಅವಳು ಚಕ್ರ ತಬ್ಬಿಕೊಂಡು ಬಿಡಲಿಲ್ಲ. ನಾನು ಫೋನಿನಲ್ಲಿ ವಿಡಿಯೋ ಹಿಡಿದೆ. ಕತ್ತಲಾಗುವ ಮೊದಲು ಪೊಲೀಸರು ಬಂದರು. ಡಾಕ್ಟರು ಕೊಯ್ದರು. ಶ್ವಾಸಕೋಶದಲ್ಲಿ ಇದ್ದದ್ದು ನಾಲೆಯ ನೀರಲ್ಲ ಎಂದು ಬರೆದರು. ಜಾತಿ ದೌರ್ಜನ್ಯದ ಕೇಸಾಯಿತು. ಕಲ್ಲೇಶಪ್ಪ ಹನ್ನೊಂದು ದಿನ ಒಳಗಿದ್ದ. ಜಾಮೀನು ಸಿಕ್ಕಿತು. ನಿಶ್ಚಿತಾರ್ಥ ಮುಂದಕ್ಕೆ ಹೋಗಿತ್ತು, ಅದೂ ಆಯಿತು.

ಊರಲ್ಲಿ ನಮಗೆ ಕೆಲಸ ನಿಂತಿತು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಆಗ ನಮ್ಮ ಕೈ ಹಿಡಿದವರು ಪಾಸ್ಟರ್ ಸತೀಶ್ ಕುಮಾರ್. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ನ್ಯಾಮತಿಯಲ್ಲಿ ಒಂದು ರೂಮು ಕೊಡಿಸಿದರು. ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನನಗೆ ಕೆಲಸ ಕೊಡಿಸಿದರು. ಅವ್ವ ಕಲ್ಯಾಣ ಮಂಟಪದ ಎಂಜಲು ಬಳಿಯಲು ಹೋದಳು.

ಪಾಸ್ಟರು ನಮಗೆ ಹೊಸಬರಲ್ಲ. ಅಪ್ಪ ಬದುಕಿದ್ದಾಗಲೇ ಗುರುವಾರ ಗುರುವಾರ ನ್ಯಾಮತಿಯಿಂದ ಬೈಕಿನಲ್ಲಿ ನಮ್ಮ ಕೇರಿಗೆ ಬರುತ್ತಿದ್ದರು. ನಮ್ಮ ಮನೆಯ ನೆಲದ ಮೇಲೆ ಕೂರುತ್ತಿದ್ದರು. ನಮ್ಮ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಒಂದು ಗುರುವಾರ ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ, ವಿಷಯ ಹೇಳಿದರು.

"ಅಕ್ಕಾ, ಇದು ಕೂಲಿ ಅಲ್ಲ. ದುಡಿದು ಗಳಿಸೋದಲ್ಲ. ದೇವರು ಕೃಪೆಯಿಂದ ಸುಮ್ಮನೆ ಕೊಡ್ತಾನೆ. ನಂಬಿ ಕೈಯೊಡ್ಡಬೇಕು, ಅಷ್ಟೆ."

"ಏನೂ ಮಾಡಂಗಿಲ್ಲೇನ್ರಿ?" ಅವ್ವ ಕೇಳಿದಳು.

"ಏನೂ ಇಲ್ಲ."

"ಕಸ ಹೊಡೆಯೋದೂ ಬ್ಯಾಡೇನ್ರಿ?"

ಪಾಸ್ಟರು ನಕ್ಕರು. ಅವ್ವ ನಗಲಿಲ್ಲ. ಗೋಡೆಗೆ ಮುಖ ತಿರುಗಿಸಿ ಅತ್ತಳು. ಜಗಳೂರು ಕಡೆಯಿಂದ ಹದಿನೈದಕ್ಕೆ ಮದುವೆಯಾಗಿ ಬಂದವಳು ಅವಳು. ಬಂದ ಮೂರನೆಯ ದಿನ ಸಗಣಿಯ ಮಂಕರಿ ಹೊತ್ತಳು. ಬಾಗಿ ದುಡಿಯದೆ ಅವಳಿಗೆ ಒಂದು ತುತ್ತೂ ಸಿಕ್ಕಿರಲಿಲ್ಲ. ಸಿಕ್ಕಿದ್ದೂ ಮೇಲಿನಿಂದ ಎತ್ತಿ ಹಾಕಿದ್ದು. ಸುಮ್ಮನೆ ಕೊಡುವವನೊಬ್ಬನಿದ್ದಾನೆ, ಕೈ ಮುಟ್ಟಿ ಕೊಡುತ್ತಾನೆ ಎಂಬ ಮಾತು ಅವಳ ಎದೆಯೊಳಗೆ ಹೋಗಿ ಕೂತಿತು. ಅಪ್ಪ, ಅವ್ವ ಇಬ್ಬರೂ ಹೊನ್ನಾಳಿಯ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡರು. ಒದ್ದೆ ಬಟ್ಟೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅಪ್ಪ ಅದರಲ್ಲಿ ಹಲ್ಲು ಕಾಣಿಸುವ ಹಾಗೆ ನಕ್ಕಿದ್ದಾನೆ.

ನ್ಯಾಮತಿಯ ಪ್ರಾರ್ಥನೆ ಗೊಬ್ಬರದ ಅಂಗಡಿಯ ಹಳೇ ಗೋದಾಮಿನಲ್ಲಿ. ಗಲಾಟೆ ಮಾಡಲು ಜನ ಬರುತ್ತಾರೆ ಎಂಬ ಹೆದರಿಕೆಗೆ ಶಟರ್ ಅರ್ಧ ಎಳೆದಿರುತ್ತಿತ್ತು. ಆರಾಧನೆಯ ಕೊನೆಗೆ ಏಸುವಿನ ದೇಹ, ರಕ್ತದ ಗುರುತಾಗಿ ರೊಟ್ಟಿಯ ತುಂಡು, ದ್ರಾಕ್ಷಿರಸ ಹಂಚುತ್ತಿದ್ದರು. ಮೂವತ್ತು ಮಂದಿ ಚಾಪೆಯ ಮೇಲೆ ಕೂರುತ್ತಿದ್ದೆವು. ಎಲ್ಲರೂ ನೆಲಕ್ಕೆ. ಪಾಸ್ಟರ ಹೆಂಡತಿಯೂ ನೆಲಕ್ಕೆ.

ಅಪ್ಪ ಸತ್ತ ಮೂರನೆಯ ವರ್ಷ ಆ ಗೋದಾಮಿಗೆ ಎರಡು ಕುರ್ಚಿ ಬಂದವು.

ಕಲ್ಲೇಶಪ್ಪನಿಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಬಿದ್ದುಹೋಗಿದ್ದವು. ದೊಡ್ಡ ಆಸ್ಪತ್ರೆಗಳಿಗೆ ತೋರಿಸಿದರು. ಮಠಗಳಿಗೆ ಸುತ್ತಿದರು. ಕೊನೆಗೆ ಯಾರೋ ನ್ಯಾಮತಿಯ ಪಾಸ್ಟರು ಕೈಯಿಟ್ಟು ಪ್ರಾರ್ಥನೆ ಮಾಡಿದರೆ ಎದ್ದು ಓಡಾಡುತ್ತಾರೆ ಎಂದರಂತೆ. ಹೆಂಡತಿ ನಿರ್ಮಲಮ್ಮ ಕಾರಿನಲ್ಲಿ ಕರೆದುಕೊಂಡು ಬಂದಳು. ಅವನಿಗೊಂದು ಕುರ್ಚಿ, ಕಾಲು ಬಿದ್ದಿದೆ, ಸರಿ. ನಿರ್ಮಲಮ್ಮನ ಕಾಲಿಗೆ ಏನಾಗಿತ್ತು? ಅವಳಿಗೂ ಒಂದು ಕುರ್ಚಿ.

ಮೊದಲ ದಿನ ಅವನನ್ನು ಕಂಡು ಅವ್ವ ಎದ್ದು ಹೊರಟಳು. ಪಾಸ್ಟರು ಬಾಗಿಲಲ್ಲಿ ತಡೆದರು. "ದೇವರ ಮನೆಗೆ ಯಾರು ಬೇಕಾದ್ರೂ ಬರಬಹುದು ಭೀಮಕ್ಕಾ. ನೀನು ಬಂದ ಹಾಗೇ."

ಅವ್ವ ವಾಪಸು ಬಂದು ಕೂತಳು. ಆ ಮಾತು ಸರಿ ಅನ್ನಿಸಿತಂತೆ.

ಕಲ್ಲೇಶಪ್ಪ ಪ್ರತಿ ಭಾನುವಾರ ಬಂದ. ಸ್ವಲ್ಪ ಸ್ವಲ್ಪ ಕೈ ಎತ್ತಿದ. ಹಾಡಿನ ಹೊತ್ತಿಗೆ ಅತ್ತ. ಹೊನ್ನಾಳಿ ರಸ್ತೆಯಲ್ಲಿರುವ ತನ್ನ ಸೈಟನ್ನು ಮಂದಿರ ಕಟ್ಟಲು ಬಿಟ್ಟುಕೊಡುತ್ತೇನೆ ಎಂದ. ದೀಕ್ಷಾಸ್ನಾನ ಮಾತ್ರ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ, ಊರಿನಲ್ಲಿ ಒಪ್ಪುವುದಿಲ್ಲ. ಮನಸ್ಸಿನಲ್ಲಿ ನಂಬಿದರೆ ಸಾಕು ಎಂದು ಪಾಸ್ಟರೂ ಹೇಳಿದರು. ಒಳಗೆ ಅವ್ವನನ್ನು "ಭೀಮಕ್ಕ" ಎಂದು ಕರೆಯುತ್ತಿದ್ದ. ಶಟರ್ ದಾಟಿ ಕಾರಿನ ಹತ್ತಿರ ಬಂದ ಮೇಲೆ "ಭೀಮಿ, ಆ ಕೋಲು ಎತ್ತಿ ಕೊಡು" ಎನ್ನುತ್ತಿದ್ದ.

ಆ ಭಾನುವಾರ ಬಂತು. ಕೋರ್ಟಿನಲ್ಲಿ ನಮ್ಮ ಸಾಕ್ಷಿಗೆ ತಾರೀಖು ಕೊಟ್ಟಿದ್ದರು. ಇನ್ನೂ ಇಪ್ಪತ್ತು ದಿನ ಇತ್ತು.

"ಇವತ್ತು ಒಬ್ಬ ಸಹೋದರರು ಸಾಕ್ಷಿ ಹೇಳ್ತಾರೆ," ಎಂದರು ಪಾಸ್ಟರು. ಸಭೆಯಲ್ಲಿ ದೇವರು ತನಗೆ ಮಾಡಿದ್ದನ್ನು ಎದ್ದು ನಿಂತು ಹೇಳುವುದಕ್ಕೆ ನಾವು ಸಾಕ್ಷಿ ಅನ್ನುತ್ತೇವೆ.

ಕಲ್ಲೇಶಪ್ಪ ಕೂತೇ ಹೇಳಿದ. ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. "ನಾನು ಪಾಪಿ ಇದ್ದೆ. ತಿಳಿದೂ ಮಾಡೀನಿ, ತಿಳೀದೇನೂ ಮಾಡೀನಿ. ಸ್ವಾಮಿ ಎಲ್ಲಾ ತೊಳೆದುಬಿಟ್ಟ. ಎದಿ ಹಗುರ ಆಗೈತೆ. ಮೂರು ವರ್ಷ ನಿದ್ದೆ ಇರಲಿಲ್ಲ. ಈಗ ಬರ್ತೈತೆ."

"ಸ್ತೋತ್ರ," ಎಂದರು ಎಲ್ಲರೂ. ಕೆಲವರು ಅತ್ತರು.

ಪಾಸ್ಟರು ಅವ್ವನನ್ನು ಮುಂದಕ್ಕೆ ಕರೆದರು. ಅವಳ ಬಲಗೈ ಹಿಡಿದು ಕಲ್ಲೇಶಪ್ಪನ ಲಕ್ವ ಹೊಡೆದ ಕೈಯ ಮೇಲಿಡಲು ಹೋದರು.

"ಕ್ಷಮಿಸಿದೆ ಅನ್ನು ಭೀಮಕ್ಕಾ. ಒಂದೇ ಮಾತು. ಸಭೆ ಎಲ್ಲ ಕೇಳಲಿ."

"ಏನನ್ನ?" ಎಂದಳು ಅವ್ವ.

ಪಾಸ್ಟರು ಮತ್ತೆ ಅವಳ ಕೈ ಎಳೆದರು.

"ಏನನ್ನ ಕ್ಷಮಿಸಬೇಕು, ಗೌಡ್ರು ಹೇಳಲಿ. ಎಲ್ಲಾ ಪಾಪ ಅಂದ್ರೆ ನನಗೆ ತಿಳಿಯಾಕಿಲ್ಲ. ನನ್ನ ಗಂಡನ ಹೆಸರು ಹೇಳಲಿ. ಗುಂಡಿಗೆ ಇಳಿಸಿದೆ ಅನ್ನಲಿ. ಸತ್ತ ಮ್ಯಾಲೆ ಪೈಪು ಹಿಡಿದು ತೊಳೆದೆ, ಅಂಗಿ ಬದಲಾಯಿಸಿದೆ, ಜೇಬಿಗೆ ಎಣ್ಣೆ ಪ್ಯಾಕೆಟ್ಟು ಇಟ್ಟೆ ಅನ್ನಲಿ. ನನ್ನ ಗಂಡ ಕುಡೀತಿರಲಿಲ್ಲ. ಕುಡುಕ ಅನ್ನಿಸಿಕೊಂಡು ಮಣ್ಣಿಗೆ ಹೋದ. ಅದನ್ನೂ ಹೇಳಲಿ."

ಕಲ್ಲೇಶಪ್ಪ ಹೆಂಡತಿಯ ಮುಖ ನೋಡಿದ. ನಿರ್ಮಲಮ್ಮ ಎದ್ದಳು. "ಅದು ಕೋರ್ಟ್ನಾಗೆ ಐತಲ್ಲ. ಇಲ್ಲಿ ಯಾಕೆ ಆ ಮಾತು?"

"ಹಂಗಾದ್ರೆ ಕೋರ್ಟ್ನಾಗೆ ಹೇಳ್ತಾರೇನ್ರಿ ಅಮ್ಮಾರೇ? ಇಲ್ಲಿ ಹೇಳಿದ ಸಾಕ್ಷೀನ ಅಲ್ಲಿ ಹೇಳಲಿ. ಅವತ್ತೇ ಕ್ಷಮಿಸ್ತೀನಿ. ಬೇಕಾದ್ರೆ ಅವರ ಕಾಲು ನಾನೇ ತಿಕ್ಕಿ ನಡೆಸ್ತೀನಿ."

"ದೇವರು ಷರತ್ತು ಹಾಕಲ್ಲ ಭೀಮಕ್ಕಾ," ಪಾಸ್ಟರ ದನಿ ಏರಿತು. "ನಿನ್ನನ್ನ ರಕ್ಷಿಸುವಾಗ ಆತ ಏನಾದ್ರೂ ಕೇಳಿದ್ನಾ? ಅವರೂ ಏನೂ ಮಾಡಬೇಕಾಗಿಲ್ಲ. ಮಾಡೋದರಿಂದ ಸಿಗೋದಲ್ಲ ಇದು. ಕೃಪೆ."

ಅವ್ವ ತನ್ನ ಕೈಯನ್ನು ಪಾಸ್ಟರ ಕೈಯಿಂದ ಬಿಡಿಸಿಕೊಂಡಳು.

"ತನ್ನ ಮಗನ್ನ ಕೊಂದೋರ್ನ ದೇವರು ಕ್ಷಮಿಸಿದ. ಅದು ಆತನ ದೊಡ್ಡತನ. ನನ್ನ ಗಂಡನ್ನ ಕೊಂದೋರ್ನ ಕ್ಷಮಿಸಾಕೆ ಮುಂಚೆ ಆತ ನನ್ನ ಒಂದು ಮಾತು ಕೇಳಬೇಕಿತ್ತು."

ಚಾಪೆಗೆ ಬಂದು ಕೂತಳು. ಆರಾಧನೆ ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಆ ವಾರ ಪಾಸ್ಟರು ರೂಮಿಗೆ ಬಂದರು. ಅವ್ವ ನೀರು ಕೊಟ್ಟಳು. ಕುಡಿದರು. ಲೋಟ ಕೆಳಗಿಟ್ಟು, "ಮನಸ್ಸಿನಲ್ಲಿ ಕಹಿ ಇಟ್ಟುಕೊಂಡು ಕರ್ತನ ರೊಟ್ಟಿ ಮುಟ್ಟಬಾರದು ಭೀಮಕ್ಕಾ. ಕ್ಷಮಿಸೋವರೆಗೂ ನಿನಗೆ ರೊಟ್ಟಿ, ರಸ ಇಲ್ಲ" ಎಂದರು.

ನಾನು ಸುಮ್ಮನಿರಲಿಲ್ಲ. "ಗೌಡ್ರಿಗೆ ಕೊಡ್ತೀರಾ?"

"ಅವರು ನಂಬಿದ್ದಾರೆ."

"ಸ್ನಾನ ಆಗಿಲ್ಲವಲ್ಲ?"

"ಅದು ಹೊರಗಿನ ಗುರುತು, ಆಶಾ. ರಕ್ಷಣೆ ನಂಬಿಕೆಯಿಂದ."

"ಅವ್ವ ನಂಬಿಲ್ಲವಾ?"

ಪಾಸ್ಟರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹೋದ ಮೇಲೆ ಅವ್ವ ಲೋಟ ತೊಳೆದಳು. ತೊಳೆಯುತ್ತಲೇ ಇದ್ದಳು. "ಗೌಡ ಏನೂ ಮಾಡಂಗಿಲ್ಲಂತೆ. ನಾನು ಮಾತ್ರ ಮಾಡಬೇಕಂತೆ. ಇಲ್ಲೂ ಕೆಲಸ ನನಗೇ ಬಂತು ನೋಡು" ಎಂದಳು.

ಮೂರು ದಿನದ ಮೇಲೆ ಕಲ್ಲೇಶಪ್ಪನ ಲೆಕ್ಕ ನೋಡುವ ವೆಂಕಟೇಶ್ ನಮ್ಮ ಝೆರಾಕ್ಸ್ ಅಂಗಡಿಗೆ ಬಂದ. ಅಲ್ಲಿ ಕೆಲಸ ಮಾಡುವವಳು ನಾನು ಎಂದು ಅವನಿಗೆ ತಿಳಿಯದು. ಫೋನಿನಲ್ಲಿ ಮಾತಾಡುತ್ತಲೇ ಎರಡು ಹಾಳೆ ಚಾಚಿ, "ಮೂರು ಸೆಟ್" ಎಂದ.

ಮೊದಲನೆಯದು ಪ್ರಾರ್ಥನಾ ಮಂದಿರದ ಲೆಟರ್‌ಹೆಡ್. ದುರುಗಣ್ಣ ಮತ್ತು ಭೀಮಕ್ಕ ದಂಪತಿ ಇಂಥ ದಿನ ಹೊನ್ನಾಳಿಯಲ್ಲಿ ದೀಕ್ಷಾಸ್ನಾನ ಹೊಂದಿ ಕ್ರೈಸ್ತರಾಗಿರುತ್ತಾರೆ ಎಂದಿತ್ತು. ಕೆಳಗೆ ಪಾಸ್ಟರ ಸಹಿ, ಸೀಲು. ಎರಡನೆಯದು ಆ ಫೋಟೋ. ಹೊಳೆ, ಒದ್ದೆ ಬಟ್ಟೆ, ಅಪ್ಪನ ನಗು.

ಮೂರು ಸೆಟ್ ತೆಗೆದುಕೊಟ್ಟೆ. ಮಿಷನ್ನಿನ ಬೆಳಕು ಅಪ್ಪನ ಮುಖದ ಮೇಲೆ ಮೂರು ಸಲ ಹಾದುಹೋಯಿತು.  ಮಾಲೀಕ ಎದುರಿಗೇ ಕೂತಿದ್ದ.

ಅದರ ಅರ್ಥ ನಮ್ಮ ಸರ್ಕಾರಿ ವಕೀಲರಿಂದ ತಿಳಿಯಿತು. ಕ್ರೈಸ್ತನಾದವನು ಪರಿಶಿಷ್ಟ ಜಾತಿಯವನಲ್ಲ, ಆದ್ದರಿಂದ ಈ ಕೇಸಿಗೆ ಜಾತಿ ದೌರ್ಜನ್ಯದ ಕಾಯ್ದೆ ಹತ್ತುವುದಿಲ್ಲ ಎಂದು ಕಲ್ಲೇಶಪ್ಪನ ವಕೀಲರು ವಾದಿಸುತ್ತಿದ್ದರು. ಉಳಿಯುವುದು ಅಜಾಗರೂಕತೆಯ ಕೇಸು. ಸಣ್ಣದು.

ನಾನು ಪಾಸ್ಟರ ಹತ್ತಿರ ಓಡಿದೆ. ಹೊನ್ನಾಳಿ ರಸ್ತೆಯ ಸೈಟಿನಲ್ಲಿ ಪಾಯ ತೋಡಿಸುತ್ತಿದ್ದರು.

"ನಾನು ಸುಳ್ಳು ಬರೆದಿಲ್ಲವಲ್ಲ ಆಶಾ," ಎಂದರು. ನನ್ನ ಮುಖ ನೋಡಲಿಲ್ಲ. "ಸತ್ಯ ಕೇಳಿದರು. ಬರೆದುಕೊಟ್ಟೆ."

ಸಾಕ್ಷಿಯ ದಿನ ಮೊದಲ ಬಸ್ಸಿಗೆ ಹೊರಟೆವು. ಕೋರ್ಟಿನ ವರಾಂಡದಲ್ಲಿ ಸರ್ಕಾರಿ ವಕೀಲರು ಅವ್ವನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಸುಮ್ಮನೆ ಪ್ರಾರ್ಥನೆಗೆ ಹೋಗ್ತಿದ್ವಿ, ಕ್ರಿಶ್ಚಿಯನ್ ಆಗಿಲ್ಲ ಅಂತ ಹೇಳಿಬಿಡು. ಯಾರೋ ನೀರಿನಲ್ಲಿ ನಿಲ್ಲಿಸಿ ಫೋಟೋ ತೆಗೆದ್ರು, ನಮಗೆ ತಿಳೀಲಿಲ್ಲ ಅನ್ನು. ನಿನ್ನ ಜಾತಿ ಸರ್ಟಿಫಿಕೇಟು ನನ್ನ ಹತ್ರ ಐತೆ. ಕೇಸು ನಿಲ್ತದೆ."

"ಹೇಳಿಬಿಡವ್ವಾ," ಎಂದೆ ನಾನು. "ದೇವರಿಗೆ ಒಳಗಿಂದು ಗೊತ್ತಾಗಲ್ಲೇನು? ಅಪ್ಪನ ಸಲುವಾಗಿ ಹೇಳು."

ಅವ್ವ ತನ್ನ ಕೈಗಳನ್ನು ನೋಡಿಕೊಂಡಳು. ತೊಳೆಯುವ ಸೋಡಾ ತಿಂದು ಬಿರಿದ ಕೈಗಳು. 

ಕಟಕಟೆಯಲ್ಲಿ ಮೊದಲು ನಡೆದದ್ದನ್ನೆಲ್ಲ ಹೇಳಿದಳು. ಬೈಕು, ಕೂಗಿದ್ದು, ಅರ್ಧ ಬಿಟ್ಟ ಮುದ್ದೆ, ಕಿವಿ. ಒಂದು ಅಕ್ಷರ ತಪ್ಪಲಿಲ್ಲ. ಆಮೇಲೆ ಕಲ್ಲೇಶಪ್ಪನ ವಕೀಲರು ಎದ್ದರು. ಫೋಟೋ ತೋರಿಸಿದರು.

"ಇದು ನೀನೇನಮ್ಮ?"

"ಹೂನ್ರಿ. ನಾನು, ನನ್ನ ಗಂಡ."

"ಏನು ಮಾಡ್ತಿದ್ದೀರಿ ನೀರಿನಲ್ಲಿ?"

ಸರ್ಕಾರಿ ವಕೀಲರು ಅವ್ವನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ. ಇಲ್ಲ ಅನ್ನು, ಇಲ್ಲ ಅನ್ನು ಎಂದು ಒಳಗೇ ಬೇಡಿಕೊಂಡೆ.

"ಸ್ನಾನ ತಗೊಂತಿದ್ವಿ," ಎಂದಳು ಅವ್ವ. "ನಾನು ಏಸುಸ್ವಾಮೀನ ನಂಬೀನಿ. ನನ್ನ ಗಂಡನೂ ನಂಬಿದ್ದ."

"ಅಂದರೆ ಕ್ರೈಸ್ತರು. ಮಾದಿಗರಲ್ಲ."

"ಅದನ್ನ ಗೌಡ್ರನ್ನ ಕೇಳ್ರಿ."

"ನಾನು ಕೇಳಿದ್ದಕ್ಕೆ ಉತ್ತರ ಕೊಡು."

"ಅದೇ ಉತ್ತರ ಸ್ವಾಮಿ." ಅವ್ವ ವಕೀಲರನ್ನು ಬಿಟ್ಟು ಜಡ್ಜ್ ಕಡೆ ತಿರುಗಿದಳು. "ಊರಾಗೆ ಇನ್ನೂರು ಮನಿ ಅದಾವೆ. ಗುಂಡಿ ಬಳಿಯಾಕೆ ಆಳು ಬೇಕಾದಾಗ ಗೌಡ್ರು ಸೀದಾ ನಮ್ಮ ಕೇರಿಗೆ ಬಂದ್ರು. ನೀನು ಯಾವ ದೇವರಿಗೆ ಕೈ ಮುಗೀತಿ ಅಂತ ಕೇಳಲಿಲ್ಲ. ಈ ಪಟ ತೋರಿಸು ಅನ್ನಲಿಲ್ಲ. ದುರುಗಾ ಬಾರಲೇ ಅಂದ್ರು. ಹೊಳ್ಯಾಗೆ ಮುಳುಗಿ ಎದ್ರೂ ಅವರ ಕಣ್ಣಾಗೆ ನಮ್ಮ ಜಾತಿ ತೊಳೆದು ಹೋಗಲಿಲ್ಲ. ಇವತ್ತು ಕಾನೂನಿನ ಕಾಗದದಾಗೆ ಮಾತ್ರ ಹೆಂಗೆ ಹೋಯ್ತು ಸ್ವಾಮಿ?"

"ಕೇಳಿದ್ದಕ್ಕಷ್ಟೇ ಉತ್ತರ," ಎಂದರು ಜಡ್ಜ್. ಟೈಪಿಸ್ಟ್ ಕಡೆ ತಿರುಗಿ, "ಸಾಕ್ಷಿಯು ತಾನು ಕ್ರೈಸ್ತಳೆಂದು ಒಪ್ಪಿಕೊಂಡಿರುತ್ತಾಳೆ" ಎಂದು ಬರೆಸಿದರು. ಉಳಿದದ್ದನ್ನು ಬರೆಸಲಿಲ್ಲ.

ಕಲ್ಲೇಶಪ್ಪನ ಹೇಳಿಕೆಯ ದಿನವೂ ಹೋಗಿದ್ದೆವು. ಗಾಲಿಕುರ್ಚಿಯಲ್ಲಿ ಬಂದ. ದುರುಗಣ್ಣನನ್ನು ಗುಂಡಿಗೆ ಇಳಿಸಿದ್ದು ನಿಜವೇ ಎಂದು ಜಡ್ಜ್ ಕೇಳಿದರು. "ಸುಳ್ಳು" ಎಂದ. ಹೆಣ ತೊಳೆದಿದ್ದು? "ಸುಳ್ಳು." ಜೇಬಿನ ಪ್ಯಾಕೆಟ್ಟು? "ನನಗೆ ಗೊತ್ತಿಲ್ಲ ಸ್ವಾಮಿ. ಅವನು ಕುಡುಕ." ಬಾಯಿ ಅವತ್ತು ನೆಟ್ಟಗೇ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಜಾತಿ ದೌರ್ಜನ್ಯದ ಆರೋಪ ಬಿತ್ತು. ಅಜಾಗರೂಕತೆಯಿಂದ ಸಾವು ಎಂದಾಯಿತು. ವಯಸ್ಸು, ಕಾಯಿಲೆ ನೋಡಿ ದಂಡ ಹಾಕಿದರು. ಕಲ್ಲೇಶಪ್ಪ ಅವತ್ತೇ ಮನೆಗೆ ಹೋದ. ಹೈಕೋರ್ಟಿಗೆ ಹೋಗಬಹುದು ಎಂದರು ಸರ್ಕಾರಿ ವಕೀಲರು. ಮೇಲ್ಮನವಿಯ ಕಾಗದಕ್ಕೆ ಅವ್ವ ಹೆಬ್ಬೆಟ್ಟು ಒತ್ತಲಿಲ್ಲ. ನಾನು ಕಲಿಸಿದ ಹಾಗೆ ತನ್ನ ಹೆಸರಿನ ಮೂರು ಅಕ್ಷರ ನಿಧಾನಕ್ಕೆ ಬರೆದಳು. ಬಸ್ಸಿನಲ್ಲಿ ನಾನು ಅವಳೊಂದಿಗೆ ಮಾತಾಡಲಿಲ್ಲ. ಒಂದು "ಇಲ್ಲ" ಅಂದಿದ್ದರೆ ಅವನು ಜೈಲಿನಲ್ಲಿರುತ್ತಿದ್ದ. ನನ್ನ ಸಿಟ್ಟು ಅವಳಿಗೆ ತಿಳಿಯಿತು.

"ಅದೊಂದೇ ನನಗೆ ಸುಮ್ಮನೆ ಸಿಕ್ಕಿದ್ದು," ಎಂದಳು. "ಅದನ್ನ ಮಾರಿ ಗೆಲ್ಲಾಕೆ ಮನಸ್ಸಾಗಲಿಲ್ಲ ಮಗಾ. ನಿಮ್ಮಪ್ಪನ್ನೂ ಸುಳ್ಳ ಮಾಡಬೇಕಾಗ್ತಿತ್ತು."

ಮುಂದಿನ ಭಾನುವಾರ ಅವ್ವ ತಲೆ ಬಾಚಿಕೊಂಡು ನಿಂತಳು. ಎಲ್ಲಿಗೆ ಎಂದೆ. ಆರಾಧನೆಗೆ ಎಂದಳು. ಒಬ್ಬಳನ್ನೇ ಕಳಿಸಲಾರದೆ ನಾನೂ ಹೋದೆ.

ಕಲ್ಲೇಶಪ್ಪ ಮುಂದಿನ ಕುರ್ಚಿಯಲ್ಲಿದ್ದ. ಆ ದಿನವೂ ಸಾಕ್ಷಿ ಹೇಳಿದ. ಸ್ವಾಮಿ ದೊಡ್ಡ ಕಂಟಕದಿಂದ ಬಿಡಿಸಿದ ಎಂದ. "ಸ್ತೋತ್ರ" ಎಂದವರ ದನಿ ಈ ಸಲ ಸಣ್ಣದಾಗಿತ್ತು. ಕೆಲವರು ಚಾಪೆಯ ಕಡ್ಡಿ ಕೀಳುತ್ತಾ ಕೂತಿದ್ದರು.

ರೊಟ್ಟಿಯ ಹೊತ್ತಾಯಿತು. ಪಾಸ್ಟರು ತಟ್ಟೆ ಹಿಡಿದು ಬಂದರು. ಮೊದಲು ಕುರ್ಚಿಗಳಿಗೆ. ಕಲ್ಲೇಶಪ್ಪನ ಬಾಯಿಗೆ ತಾವೇ ಇಟ್ಟರು. ಆಮೇಲೆ ಚಾಪೆಗಳಿಗೆ. ಅವ್ವನ ಹತ್ತಿರ ಬಂದಾಗ ತಟ್ಟೆ ಮೇಲಕ್ಕೆತ್ತಿ ಆಚೆಯವಳಿಗೆ ಚಾಚಿದರು.

ಅವ್ವ ಎದ್ದಳು. ತಟ್ಟೆಯ ಅಂಚು ಹಿಡಿದಳು. ಪಾಸ್ಟರು ಎಳೆದರು. ಅವಳು ಬಿಡಲಿಲ್ಲ. ಟೆಂಪೋದ ಚಕ್ರವನ್ನೇ ಬಿಡದವಳು. ಇನ್ನೊಂದು ಕೈಯಿಂದ ರೊಟ್ಟಿಯ ತುಂಡು ತೆಗೆದು ಬಾಯಿಗೆ ಹಾಕಿಕೊಂಡಳು. ಎಲ್ಲರೂ ನೋಡುತ್ತಿರುವಾಗ ನಿಂತುಕೊಂಡೇ ಅಗಿದಳು. ನುಂಗಿದಳು.

"ಪುಕ್ಕಟೆ ಅಂತೀರಿ ಪಾಸ್ಟ್ರೇ," ಎಂದಳು. "ನಾನು ಕಸಕೊಂಡೇ ತಿನ್ನಬೇಕಾತು."